ಮನೆಯಲ್ಲಿ ವಿದೇಶಿ ಆಮೆ, ಗಿಳಿ ಇದ್ದರೆ ಕಾಯಿಲೆ ಬಾರದಂತೆ ಏನು ಮಾಡಬೇಕು?

ಕಾಸರಗೋಡಿನ ಅಕ್ಕನ ಮನೆಗೆ ಹೋದಾಗ ಅಡುಗೆಮನೆಯ ಸಿಂಕಿನಲ್ಲಿ ಪುಟ್ಟ ಆಮೆಯೊಂದು ಈಜುತ್ತಿತ್ತು, ಪಕ್ಕದಲ್ಲೇ ಬಸಳೆ ತೊಳೆದಿಟ್ಟಿದ್ದರು. ನನ್ನ ಎದೆ ಧಸಕ್ಕೆಂದಿತು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಈ ಆಮೆ ನೋಡಲು ಚಂದವೇ. ಆದರೆ ಚುರುಕಾಗಿ ಓಡಾಡುವ ಆಮೆಯ ಮೈಮೇಲೂ, ಅದರ ನೀರಿನಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದರಿಂದ ಮಕ್ಕಳಿಗೆ ಭೇದಿ, ಜ್ವರ ಬರುತ್ತದೆ. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದು ಇದಕ್ಕೇ.

ತೊಟ್ಟಿಯ ನೀರನ್ನು ಸಿಂಕಿಗಲ್ಲ, ಶೌಚಾಲಯಕ್ಕೆ ಸುರಿಯಿರಿ. ಮುಟ್ಟಿದ ಮೇಲೆ ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಿರಿ, ಸುಮ್ನೆ ನೀರಲ್ಲಿ ಅದ್ದಿದರೆ ಸಾಲದು. 5 ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆ ಬೇಡವೇ ಬೇಡ. ಹಾಗಂತ ಚಂದ್ರಗಿರಿ ಹೊಳೆಗೂ ಬಿಡಬೇಡಿ, ನಮ್ಮ ಆಮೆಗಳ ಜಾಗ, ಆಹಾರ ಎರಡನ್ನೂ ಅದು ಕಿತ್ತುಕೊಳ್ಳುತ್ತದೆ.

ಗಿಳಿ ಇದ್ದರೆ ಎಚ್ಚರ ಬೇರೆ ಥರ. ಒಣಗಿದ ಹಿಕ್ಕೆಯ ದೂಳು ಉಸಿರಿನೊಳಗೆ ಹೋದರೆ ಸಿಟ್ಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಬರಬಹುದು. ಅದಕ್ಕೇ ಪಂಜರವನ್ನು ಒಣದಾಗಿ ಗುಡಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಒರೆಸಿ. ಜ್ವರ, ತಲೆನೋವು, ಒಣಕೆಮ್ಮು ಬಂದರೆ ಮನೆಯಲ್ಲಿ ಗಿಳಿ ಇದೆ ಅಂತ ಡಾಕ್ಟರಿಗೆ ನೀವೇ ಹೇಳಿ. ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು, ಅಲ್ವಾ? ಸರಿಯಾದ ಆಂಟಿಬಯಾಟಿಕ್ ಸಿಕ್ಕರೆ ಇದು ವಾಸಿಯಾಗುತ್ತದೆ.