ಮೆದುಳಿಗೆ ಚಿಪ್ ಅಂತ ಸುದ್ದಿ ಬಂದ್ರೆ ಓದೋದ್ ಹೇಗೆ

ನಮ್ ಫ್ಯಾಮಿಲಿ ಗ್ರೂಪಲ್ಲಿ ಚಿಕ್ಕಪ್ಪ ಒಂದು ವಿಡಿಯೋ ಹಾಕಿದ್ರು, ಒಬ್ಬ ಹುಡುಗ ವೀಲ್‌ಚೇರಲ್ಲಿ ಕೂತ್ಕೊಂಡು ಕೈ ಆಡಿಸ್ದೇನೇ ಲ್ಯಾಪ್‌ಟಾಪಲ್ಲಿ ಚೆಸ್ ಆಡ್ತಿರೋದು, ಕೆಳಗೆ 'ಇನ್ಮೇಲೆ ಮಕ್ಳು ಓದೋದೇ ಬೇಡ, ತಲೆಗೊಂದು ಚಿಪ್ ಹಾಕ್ಸಿದ್ರೆ ಮುಗೀತು' ಅಂತ ಬರೆದಿತ್ತು. ಎಲ್ರೂ ನಗೋ ಎಮೋಜಿ ಹಾಕಿ ಸುಮ್ನಾದ್ರು. ರಾತ್ರಿ ಸೋದರತ್ತೆ ಫೋನ್ ಮಾಡಿ, 'ಅಲ್ಲ ಕಣೋ, ನಿಮ್ಮಾವಂಗೆ ಇದನ್ನ ಹಾಕ್ಸಕ್ಕಾಗತ್ತಾ?' ಅಂತ ಕೇಳಿದ್ರು. ಮಾವಂಗೆ ಪಾರ್ಕಿನ್ಸನ್ಸ್, ಅಂದ್ರೆ ಕೈಕಾಲು ನಡುಗಿ ಬಿಗಿಯಾಗೋ ಖಾಯಿಲೆ, ಶುರುವಾಗಿ ಒಂಬತ್ತು ವರ್ಷ. ನಗೋಕಾಗ್ಲಿಲ್ಲ. ಅವತ್ತಿಂದ ಇಂಥ ಸುದ್ದಿ ಬಂದ್ರೆ ಒಂದು ಕ್ರಮದಲ್ಲಿ ನೋಡೋದು ಅಭ್ಯಾಸ ಆಗಿದೆ, ಅದನ್ನೇ ಬರೀತಿದೀನಿ. ನಾನು ಡಾಕ್ಟರಲ್ಲ, ಮನೇಲಿ ಪೇಷಂಟ್ ಇರೋದ್ರಿಂದ ಓದ್ಕೊಂಡವನು ಅಷ್ಟೇ.

ಮೊದ್ಲು ನೋಡ್ಬೇಕಾದ್ದು ಇದು ಯಾರ ತಲೇಲಿದೆ, ಎಷ್ಟು ಜನರ ತಲೇಲಿದೆ ಅನ್ನೋದು. ಆ ಚೆಸ್ ಹುಡುಗ ನೋಲಂಡ್ ಆರ್ಬಾ, 2016ರಲ್ಲಿ ಈಜೋಕೆ ಹೋಗಿ ಕತ್ತಿನ ಹತ್ರ ಬೆನ್ನುಹುರಿಗೆ ಪೆಟ್ಟಾಗಿ ಭುಜದಿಂದ ಕೆಳಗೆ ಸ್ವಾಧೀನ ಇಲ್ದಂಗಾಯ್ತು, 2024ರ ಜನವರೀಲಿ ನ್ಯೂರಾಲಿಂಕ್ ಅನ್ನೋ ಅಮೆರಿಕದ ಕಂಪನಿಯ ಚಿಪ್ ಹಾಕಿಸ್ಕೊಂಡ ಮೊದಲನೇ ಮನುಷ್ಯ. ಇದೇ ಜಗತ್ತಿಗೆ ಮೊದಲು ಅಂತ ತುಂಬ ಜನ ಅಂದ್ಕೊಂಡಿದಾರೆ, ಆದ್ರೆ 2004ರಲ್ಲೇ ಅಮೆರಿಕದ ಬ್ರೇನ್‌ಗೇಟ್ ಪ್ರಯೋಗದಲ್ಲಿ ಮ್ಯಾಟ್ ನೇಗಲ್ ಅನ್ನೋರು 96 ಎಲೆಕ್ಟ್ರೋಡ್ (ಮೆದುಳಿನ ಸಿಗ್ನಲ್ ಹಿಡಿಯೋ ಸಣ್ಣ ತುದಿ) ಇರೋ ಒಂದು ಪುಟ್ಟ ಚೂರನ್ನ ಮೆದುಳಿಗೆ ಹಾಕಿಸ್ಕೊಂಡು ಸ್ಕ್ರೀನ್ ಮೇಲೆ ಕರ್ಸರ್ ಓಡಿಸಿದ್ರು. ಆಗ ತಲೆ ಮೇಲಿಂದ ಕೇಬಲ್ ಹೊರಗೆ ಬರ್ತಿತ್ತು, ಈಗ ವೈರ್‌ಲೆಸ್, ಎಲೆಕ್ಟ್ರೋಡ್ 1024. ಇಷ್ಟು ಆಗೋಕೆ ಇಪ್ಪತ್ತು ವರ್ಷ ಹಿಡೀತು. ಇಬ್ರೂ ಕೈಕಾಲಿನ ಸ್ವಾಧೀನ ಕಳ್ಕೊಂಡು ಬೇರೆ ದಾರಿ ಇಲ್ದೆ ಒಪ್ಕೊಂಡವರು, ಎಸ್ಸೆಸ್ಸೆಲ್ಸಿ ಪಾಸಾಗೋಕೆ ಹಾಕಿಸ್ಕೊಂಡವರಲ್ಲ.

ಆಮೇಲೆ ಅದು ಏನನ್ನ ಓದ್ತಿದೆ ಅಂತ ನೋಡಿ, ಎಡವೋದು ಇಲ್ಲೇ. 'ಯೋಚನೆ ಓದುವ ಯಂತ್ರ' ಅಂತ ಹೆಡ್‌ಲೈನ್ ಇರತ್ತೆ, ಆದ್ರೆ ಈ ಚಿಪ್‌ಗಳಲ್ಲಿ ಹೆಚ್ಚಿನವು ಓದೋದು ಯೋಚನೆನಲ್ಲ, ಪ್ರಯತ್ನಾನ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನೋರು ಎಎಲ್‌ಎಸ್ ಅನ್ನೋ ನರದ ಖಾಯಿಲೆಯಿಂದ ಮಾತು ಹೋಗಿದ್ದ ಒಬ್ಬ ಹೆಂಗಸಿಗೆ ಎಲೆಕ್ಟ್ರೋಡ್ ಹಾಕಿದ್ರು, ಆಕೆ ಮಾತಾಡೋಕೆ ಪ್ರಯತ್ನ ಪಟ್ಟಾಗ ತುಟಿ, ನಾಲಗೆ, ದವಡೆಗೆ ಮೆದುಳು ಕಳಿಸೋ ಆರ್ಡರ್ ಇದೆಯಲ್ಲ, ಅದನ್ನ ಹಿಡಿದು ಯಾವ ಧ್ವನಿ ಅಂತ ಕಂಪ್ಯೂಟರ್ ಊಹೆ ಮಾಡತ್ತೆ, ಆ ಧ್ವನಿಗಳನ್ನ ಜೋಡಿಸಿ ಪದ ಮಾಡೋಕೆ ಇನ್ನೊಂದು ಇಂಗ್ಲಿಷ್ ಭಾಷಾ ಮಾಡೆಲ್ (ಯಾವ ಪದ ಆದಮೇಲೆ ಯಾವ್ದು ಬರ್ಬೋದು ಅಂತ ಊಹಿಸೋ ಪ್ರೋಗ್ರಾಂ) ಕೂತಿರತ್ತೆ. ನಿಮಿಷಕ್ಕೆ 62 ಪದ ಬಂತು, ದೊಡ್ಡ ಪದಕೋಶ ಇಟ್ಕೊಂಡಾಗ ಹೆಚ್ಚುಕಮ್ಮಿ ನಾಲ್ಕು ಪದಕ್ಕೆ ಒಂದು ತಪ್ಪು. ಮುಂದಿನ ವರ್ಷ ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯೋರು ಅದೇ ಖಾಯಿಲೆಯ ಒಬ್ಬ ಗಂಡಸಿಗೆ 256 ಎಲೆಕ್ಟ್ರೋಡ್ ಹಾಕಿ ಇದನ್ನ 97 ಪರ್ಸೆಂಟ್ ಸರಿ ಅನ್ನೋ ಮಟ್ಟಕ್ಕೆ ತಂದ್ರು, ಅದೂ ಆ ಮನುಷ್ಯ ಹುಷಾರಾಗಿದ್ದಾಗಿನ ರೆಕಾರ್ಡಿಂಗಿಂದ ಮಾಡಿದ ಅವರದೇ ದನೀಲಿ. ಇದು ನಿಜವಾಗ್ಲೂ ಸಣ್ಣ ವಿಷಯ ಅಲ್ಲ.

ಆದ್ರೆ ನಮ್ಮ ಲೆಕ್ಕ ಬೇರೆ. 'ಹೋಗ್ಬೇಕಾಗಿತ್ತಂತೆ' ಅನ್ನೋದು ನಮಗೆ ಒಂದೇ ಪದ, ಅದನ್ನೇ ಇಂಗ್ಲಿಷಲ್ಲಿ ಹೇಳೋಕೆ ನಾಲ್ಕೈದು ಪದ ಬೇಕು, ಹಾಗಾಗಿ 62 ಪದ ಅನ್ನೋ ನಂಬರ್ ಕನ್ನಡಕ್ಕೆ ಹಂಗೇ ಎತ್ತಿಡೋಕಾಗಲ್ಲ, ಕನ್ನಡದ ಧ್ವನಿಗೆ ಕನ್ನಡದ ಮಾಡೆಲ್ಲನ್ನೇ ಕಲಿಸ್ಬೇಕು, ನಮ್ಮ ಪ್ರತ್ಯಯಗಳ ಬಾಲ ನೋಡಿದ್ರೆ ಕಲಿಸೋರ ಪಾಡು ಬೇಡಪ್ಪಾ.

ಇನ್ನು ತಲೆ ಕೊರೀದೇ ಮನಸ್ಸು ಓದ್ತಾರೆ ಅನ್ನೋ ಸುದ್ದಿ ಬಂದ್ರೆ ಎಷ್ಟು ಗಂಟೆ ಟ್ರೈನಿಂಗ್ ಬೇಕಾಯ್ತು ಅಂತ ಹುಡುಕಿ. 2023ರಲ್ಲಿ ಟೆಕ್ಸಾಸ್ ಯೂನಿವರ್ಸಿಟಿಯೋರು ಸ್ಕ್ಯಾನರಲ್ಲಿ ಮಲಗಿದವರು ಕೇಳ್ತಿದ್ದ ಕಥೆಯ ಸಾರಾಂಶನ ಹಿಡಿದ್ರು, ಅದಕ್ಕೆ ಒಬ್ಬೊಬ್ಬರೂ ಹದಿನಾರು ಗಂಟೆ ಆ ಮೆಷಿನ್ನೊಳಗೆ ಕಥೆ ಕೇಳ್ಬೇಕಾಯ್ತು, ಒಬ್ಬರ ಮೇಲೆ ಕಲಿಸಿದ್ದು ಇನ್ನೊಬ್ಬರಿಗೆ ನಡೀಲಿಲ್ಲ, ಮಲಗಿದವರು ಬೇಕಂತಲೇ ಮನಸ್ಸಲ್ಲಿ ಬೇರೆ ಕಥೆ ಹೇಳ್ಕೊಂಡ್ರೆ ಮೆಷಿನ್ ಕೈಚೆಲ್ಲಿ ಕೂತಿತ್ತು. ಹಂಗಂತ ಪೂರ್ತಿ ನಿಶ್ಚಿಂತೆ ಅಂತಲ್ಲ. ಚಿಲಿ ದೇಶದವರು 2021ರಲ್ಲೇ ಮೆದುಳಿನ ಮಾಹಿತಿಗೆ ರಕ್ಷಣೆ ಬೇಕು ಅಂತ ಸಂವಿಧಾನಕ್ಕೇ ಸೇರಿಸ್ಕೊಂಡಿದಾರೆ.

ಎಷ್ಟು ದಿನ ಬಾಳಿಕೆ ಬರತ್ತೆ? ಇದನ್ನ ಸುದ್ದಿಯೋರು ಬರೆಯೋದೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬ್ರೇನ್ ಮ್ಯೂಸಿಯಂ ಇದೆ, ನಿಜವಾದ ಮನುಷ್ಯನ ಮೆದುಳನ್ನ ಕೈಯಲ್ಲಿ ಹಿಡ್ಕೊಂಡು ನೋಡೋಕೆ ಬಿಡ್ತಾರೆ, ಮಕ್ಕಳನ್ನ ಕರ್ಕೊಂಡ್ ಹೋಗಿ. ನಾನು ಹಿಡ್ದಾಗ ಅಂದ್ಕೊಂಡಿದ್ದಕ್ಕಿಂತ ಭಾರ ಇತ್ತು, ಒತ್ತಿದ್ರೆ ಗಟ್ಟಿ ರಬ್ಬರ್ ಥರ. ಆದ್ರೆ ಅದು ಕೆಡದಂಗೆ ಇಡೋಕೆ ಹಾಕೋ ಫಾರ್ಮಲಿನ್ ದ್ರಾವಣ ಮಾಡಿರೋ ಗಟ್ಟಿತನ, ಜೀವಂತ ಮೆದುಳು ಎಳನೀರೊಳಗಿನ ತೆಳು ಗಂಜಿ ಥರ ಮೆತ್ತಗೆ, ನಾಡಿ ಬಡಿದಂಗೆಲ್ಲ, ಉಸಿರಾಡಿದಂಗೆಲ್ಲ ಅಲ್ಲಾಡ್ತಿರತ್ತೆ. ಆ ಗಂಜಿಗೆ ಗುಂಡುಸೂಜಿ ಚುಚ್ಚಿಟ್ಟು ವರ್ಷಗಟ್ಲೆ ಅದೇ ಜಾಗದಲ್ಲಿರು ಅಂದ್ರೆ ಹೆಂಗಿರತ್ತೆ? ಸುತ್ತ ಗಾಯದ ಕಲೆ ಥರ ಕಟ್ಕೊಂಡು ಸಿಗ್ನಲ್ ಮಂಕಾಗ್ತಾ ಹೋಗತ್ತೆ. ಅದಕ್ಕೇ ನ್ಯೂರಾಲಿಂಕ್‌ನೋರು ಕೂದಲಿಗಿಂತ ತೆಳು ದಾರ ಮಾಡಿ, ಹೊಲಿಗೆ ಮೆಷಿನ್ ಥರದ ರೋಬಾಟಿಂದ ಪೋಣಿಸಿದ್ರು, ಆದ್ರೂ ಆರ್ಬಾಗೆ ಕೆಲವೇ ವಾರದಲ್ಲಿ 64 ದಾರಗಳಲ್ಲಿ ಬಹುಪಾಲು ಹೊರಗೆ ಜಾರ್ಕೊಂಡ್ವು. ಸಾಫ್ಟ್‌ವೇರ್ ಬದಲಾಯಿಸಿ ಉಳಿದದ್ರಲ್ಲೇ ಕೆಲಸ ನಡೆಸಿದ್ರು.

ಕಂಪನಿ ಮುಚ್ಚಿದ್ರೆ ಯಾರು ನೋಡ್ಕೊತಾರೆ ಅನ್ನೋದನ್ನೂ ಕೇಳ್ಬೇಕು. ಆರ್ಗಸ್ 2 ಅಂತ ಕಣ್ಣಿನ ಇಂಪ್ಲಾಂಟ್ ಇತ್ತು, 350ಕ್ಕೂ ಹೆಚ್ಚು ಕುರುಡರು ಹಾಕಿಸ್ಕೊಂಡು ಬಾಗಿಲು ಎಲ್ಲಿದೆ, ರಸ್ತೆ ಅಂಚು ಎಲ್ಲಿದೆ ಅನ್ನೋಷ್ಟು ಮಸುಕಾಗಿ ನೋಡ್ತಿದ್ರು, ಆಮೇಲೆ ತಯಾರಿಸ್ತಿದ್ದ ಕಂಪನಿ ಅದನ್ನ ಕೈಬಿಟ್ಟಿತು, ಸ್ಪೇರ್ ಪಾರ್ಟ್ ಇಲ್ಲ, ರಿಪೇರಿ ಇಲ್ಲ. ಹಳೇ ಸ್ಕೂಟರಿಗಾದ್ರೆ ಗುಜರಿಯಲ್ಲಿ ಹುಡುಕ್ಬೋದು.

ಈಗ ಅತ್ತೆ ಪ್ರಶ್ನೆಗೆ ಬರೋಣ. ಮಾವಂಗೆ ಬೇಕಿರೋದು ಚೆಸ್ ಆಡಿಸೋ ಚಿಪ್ ಅಲ್ವೇ ಅಲ್ಲ. ಅವರಂಥೋರಿಗೆ ಆಗಿಬರೋದು ಡಿಬಿಎಸ್, ಅಂದ್ರೆ ಮೆದುಳಿನ ಆಳಕ್ಕೆ ತೆಳು ತಂತಿ ಇಳಿಸಿ ಸಣ್ಣ ಕರೆಂಟ್ ಕೊಡ್ತಾ ಇರೋದು, ತಂತಿ ಕಿವಿ ಹಿಂದಿಂದ ಕತ್ತಿನ ಚರ್ಮದ ಕೆಳಗೆ ಇಳಿದು ಎದೆ ಮೇಲ್ಭಾಗದಲ್ಲಿ ಪೇಸ್‌ಮೇಕರ್ ಥರದ ಡಬ್ಬಿಗೆ ಸೇರತ್ತೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1987ರಲ್ಲಿ ಶುರುವಾಗಿದ್ದು, ಅಮೆರಿಕದಲ್ಲಿ ಪಾರ್ಕಿನ್ಸನ್ಸ್‌ಗೆ 2002ರಲ್ಲಿ ಒಪ್ಪಿಗೆ ಸಿಕ್ತು, ಬೆಂಗಳೂರಲ್ಲೂ ಮಾಡ್ತಾರೆ. ಖಾಯಿಲೆ ವಾಸಿ ಆಗಲ್ಲ, ನಡುಕ, ಬಿಗಿತ, ನಿಧಾನ ಕಮ್ಮಿ ಆಗತ್ತೆ.

ಡಾಕ್ಟರ್ ಹತ್ರ ಹೋಗೋವಾಗ ಒಂದು ಚೀಟೀಲಿ ಬರ್ಕೊಂಡ್ ಹೋಗಿ: ಪಾರ್ಕಿನ್ಸನ್ಸ್‌ಗೆ ಕೊಡೋ ಲೆವೊಡೋಪಾ ಮಾತ್ರೆಗೆ ಇವರು ಎಷ್ಟು ಸ್ಪಂದಿಸ್ತಾರೆ, ಬ್ಯಾಟರಿ ಚಾರ್ಜ್ ಮಾಡೋದಾ ಅಥವಾ ಕೆಲವು ವರ್ಷಕ್ಕೊಮ್ಮೆ ಬದಲಾಯಿಸೋದಾ, ಅದರ ಖರ್ಚು ಯಾರದ್ದು, ಮುಂದೆ ಎಂಆರ್‌ಐ ಬೇಕಾದ್ರೆ ಮಾಡಿಸ್ಬೋದಾ, ಸೆಟ್ಟಿಂಗ್ ಸರಿ ಮಾಡಿಸ್ಕೊಳ್ಳೋಕೆ ಎಷ್ಟು ಸಲ ಬರ್ಬೇಕು. ಕೊನೇದನ್ನ ಮರೀಬೇಡಿ, ಆಪರೇಷನ್ ಒಂದಿನದ್ದು, ಸೆಟ್ಟಿಂಗ್ ತಿಂಗಳುಗಟ್ಲೆ.

ಮಾವಂಗೆ ಆ ಚೀಟೀಲಿನ ಮೊದಲನೇ ಪ್ರಶ್ನೆಯ, ಅಂದ್ರೆ ಮಾತ್ರೆಗೆ ಎಷ್ಟು ಸ್ಪಂದಿಸ್ತಾರೆ ಅನ್ನೋ ಟೆಸ್ಟ್ ಮಾಡಿದ್ರು. ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಸಿ ಬೆಳಗ್ಗೆ ಆಸ್ಪತ್ರೇಲಿ ಕೂರಿಸಿ ನೋಡ್ತಾರೆ (ಮನೇಲಿ ನೀವೇ ನಿಲ್ಸೋಕೆ ಹೋಗ್ಬೇಡಿ, ಅಪಾಯ). ಶರ್ಟಿನ ಗುಂಡಿ ಹಾಕಿ ಅಂದ್ರು. ಮೊದಲನೇ ಗುಂಡಿ ಕಾಜದ ಹತ್ರ ಹೋಗತ್ತೆ, ಬೆರಳು ಅದುರತ್ತೆ, ಜಾರತ್ತೆ, ಮತ್ತೆ ಹೋಗತ್ತೆ, ಅತ್ತೆ ತಡೀಲಾರ್ದೆ ಕೈ ಮುಂದೆ ಮಾಡಿದ್ರೆ ಡಾಕ್ಟರಮ್ಮ ಬೇಡ ಅಂತ ಸನ್ನೆ ಮಾಡಿದ್ರು. ಆಮೇಲೆ ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ ಕಾದ್ವಿ. ಮಾವ ತಾವೇ ಐದೂ ಗುಂಡಿ ಹಾಕ್ಕೊಂಡು ತೋಳನ್ನೂ ಮಡಚ್ಕೊಂಡ್ರು. ನಡುಕ ಒಂದನ್ನ ಬಿಟ್ರೆ, ಮಾತ್ರೆ ಏನನ್ನ ಸರಿ ಮಾಡತ್ತೋ ಹೆಚ್ಚುಕಮ್ಮಿ ಅದನ್ನೇ ಡಿಬಿಎಸ್ಸೂ ಮಾಡತ್ತೆ ಅಂದ್ರು ಡಾಕ್ಟರಮ್ಮ.

'ಬ್ಯಾಟರಿ ಬದಲಾಯ್ಸೋವಾಗ ಮತ್ತೆ ತಲೆ ಕೊರೀತೀರಾ ಮೇಡಂ?' ಅತ್ತೆ ಕೇಳಿದ್ರು. ಇಲ್ಲ, ಎದೆ ಹತ್ರ ಮಾತ್ರ ಅಂದ್ರು. ಮುಂದಿನ ತಿಂಗಳು ನೆನಪಿನ ಶಕ್ತಿ ಟೆಸ್ಟ್ ಇದೆ, ತೀರ್ಮಾನ ಅದಾದ್ಮೇಲೆ.