ಆಲೂಗೆಡ್ಡೆಯ ತುಂಡಿನಲ್ಲಿ ಅಭಿಸರಣವನ್ನು ಅಳೆಯುವ ಬಗೆ

ಹಾಸನದ ಸುತ್ತಮುತ್ತ ಮುಂಗಾರಿನ ಆಲೂಗೆಡ್ಡೆಯನ್ನು ಕಿತ್ತು ಮಾರುಕಟ್ಟೆಗೆ ತರುವ ದಿನಗಳು ಈ ಪ್ರಯೋಗಕ್ಕೆ ಹೇಳಿಮಾಡಿಸಿದ ಕಾಲ, ಏಕೆಂದರೆ ಬಾಡದ, ಮೊಳಕೆಯೊಡೆಯದ ಹೊಸ ಗೆಡ್ಡೆ ಆಗ ಸುಲಭವಾಗಿ ಸಿಗುತ್ತದೆ. ಹೈಸ್ಕೂಲು ಮತ್ತು ಪಿಯುಸಿ ವಿದ್ಯಾರ್ಥಿಗಳು ಅಭಿಸರಣ, ಅಂದರೆ ಆಸ್ಮಾಸಿಸ್, ಎಂಬುದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಮಲೆನಾಡಿನ ಕಾಲುದಾರಿಯಲ್ಲಿ ಕಚ್ಚಿಕೊಂಡ ಇಂಬಳಕ್ಕೆ ಉಪ್ಪು ಹಾಕಿದಾಗ ಅದು ಮುದುಡುವುದಕ್ಕೂ, ಉಪ್ಪು ಬೆರೆಸಿಟ್ಟ ಮಾವಿನ ಮಿಡಿ ಭರಣಿಯಲ್ಲಿ ತಾನೇ ನೀರು ಬಿಡುವುದಕ್ಕೂ ಅದೇ ಕಾರಣವೆಂದು ಹೇಳಲು ಹಲವರು ತಡವರಿಸುತ್ತಾರೆ.

ಮೊದಲು ಒಂದು ಸಾಮಾನ್ಯ ತಪ್ಪನ್ನು ಸರಿಪಡಿಸಿಕೊಳ್ಳಬೇಕು. ಇಲ್ಲಿ ಮುಖ್ಯವಾಗಿ ಚಲಿಸುವುದು ಉಪ್ಪಲ್ಲ, ನೀರು. ಜೀವಕೋಶದ ಪೊರೆ ನೀರಿಗೆ ದಾರಿ ಕೊಡುತ್ತದೆ, ಉಪ್ಪು ಸಕ್ಕರೆಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಪೊರೆಯ ಎರಡು ಬದಿಗಳಲ್ಲಿ ಕರಗಿರುವ ವಸ್ತುಗಳ ಸಾಂದ್ರತೆ ಬೇರೆಬೇರೆಯಾಗಿದ್ದರೆ, ಸಾಂದ್ರತೆ ಹೆಚ್ಚಿರುವ ಬದಿಗೆ ಹೆಚ್ಚು ನೀರು ಸಾಗುತ್ತದೆ; ಇದೇ ಅಭಿಸರಣ. ಹೊರಗಿನ ದ್ರಾವಣವು ಕೋಶರಸಕ್ಕಿಂತ ತೆಳುವಾಗಿದ್ದರೆ ಅದನ್ನು ಹೈಪೋಟಾನಿಕ್ ಎಂದೂ, ಗಾಢವಾಗಿದ್ದರೆ ಹೈಪರ್‌ಟಾನಿಕ್ ಎಂದೂ, ಸರಿಸಮವಾಗಿದ್ದರೆ ಐಸೋಟಾನಿಕ್ ಎಂದೂ ಕರೆಯುತ್ತಾರೆ. ಐಸೋಟಾನಿಕ್ ದ್ರಾವಣದಲ್ಲಿ ನೀರಿನ ಚಲನೆ ನಿಲ್ಲುವುದಿಲ್ಲ, ಹೋಗುವಷ್ಟೇ ಬರುತ್ತದೆ.

ಐದು ಗಾಜಿನ ಲೋಟಗಳಿಗೆ ತಲಾ 100 ಮಿಲಿಲೀಟರ್ ಸೋಸಿದ ನೀರನ್ನು ಅಳೆದು ಹಾಕಿರಿ. ಮೊದಲನೆಯದನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ ಕ್ರಮವಾಗಿ 0.5, 1, 2 ಮತ್ತು 5 ಗ್ರಾಂ ಅಡುಗೆ ಉಪ್ಪನ್ನು ಪೂರ್ತಿ ಕರಗಿಸಿ, ಲೋಟದ ಮೇಲೆ ಪ್ರಮಾಣ ಬರೆದ ಚೀಟಿ ಅಂಟಿಸಿರಿ. ಚಮಚದ ಲೆಕ್ಕ ಇಲ್ಲಿ ಸಾಲದು, 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಒಂದೇ ದೊಡ್ಡ ಗೆಡ್ಡೆಯಿಂದ, ಸಿಪ್ಪೆಯನ್ನು ಒಂದಿಷ್ಟೂ ಉಳಿಸದೆ, 5 ಸೆಂಟಿಮೀಟರ್ ಉದ್ದ ಮತ್ತು 1 ಸೆಂಟಿಮೀಟರ್ ದಪ್ಪದ ಐದು ತುಂಡುಗಳನ್ನು ಕತ್ತರಿಸಿರಿ. ಸಿಪ್ಪೆ ನೀರನ್ನು ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಅದರ ಚೂರು ಉಳಿದರೂ ಫಲಿತಾಂಶ ಏರುಪೇರಾಗುತ್ತದೆ. ಪ್ರತಿ ತುಂಡನ್ನೂ ಬಟ್ಟೆಯಿಂದ ಒತ್ತಿ ಒರೆಸಿ, ತೂಕ ಬರೆದುಕೊಂಡು, ತಡಮಾಡದೆ ಆಯಾ ಲೋಟದಲ್ಲಿ ಮುಳುಗಿಸಿರಿ.

ಎರಡು ಗಂಟೆಯ ಬಳಿಕ ತುಂಡುಗಳನ್ನು ತೆಗೆದು, ಮೊದಲಿನಷ್ಟೇ ಒತ್ತಡದಿಂದ ಒರೆಸಿ ಮತ್ತೆ ತೂಗಿರಿ. ನಾನು ಕಂಡಂತೆ ಹೆಚ್ಚಿನ ಗುಂಪುಗಳು ಎಡವುವುದು ಈ ಒರೆಸುವಿಕೆಯಲ್ಲಿಯೇ: ಮೇಲೆ ಉಳಿದ ಒಂದೆರಡು ಹನಿಗಳೇ ಅಳೆಯಬೇಕಾದ ವ್ಯತ್ಯಾಸವನ್ನು ನುಂಗಿಬಿಡುತ್ತವೆ. ತುಂಡುಗಳ ಮೂಲ ತೂಕ ಒಂದೇ ಆಗಿರುವುದಿಲ್ಲವಾದ್ದರಿಂದ ಬದಲಾವಣೆಯನ್ನು ಶೇಕಡಾವಾರು ಲೆಕ್ಕ ಹಾಕಬೇಕು. ಉದಾಹರಣೆಗೆ 6.0 ಗ್ರಾಂ ತುಂಡು 6.5 ಗ್ರಾಂ ಆಗಿದ್ದರೆ ಹೆಚ್ಚಳ 0.5 ಭಾಗಿಸು 6.0, ಅಂದರೆ ಸುಮಾರು ಶೇ. 8.3.

ತೂಕಕ್ಕಿಂತ ಮೊದಲೇ ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ. ಬರಿಯ ನೀರಿನಲ್ಲಿದ್ದ ತುಂಡು ಬಿಗಿಯಾಗಿ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ; 5 ಗ್ರಾಂ ಉಪ್ಪಿನದು ಸೊಪ್ಪಾಗಿ ಬಾಗುತ್ತದೆ. ಮೊದಲನೆಯದರಲ್ಲಿ ಕೋಶದ ರಸದಾನಿ, ಅಂದರೆ ಕೋಶದೊಳಗಿನ ರಸದ ಚೀಲ, ನೀರು ತುಂಬಿಕೊಂಡು ಕೋಶಭಿತ್ತಿಯನ್ನು ಒಳಗಿನಿಂದ ಒತ್ತುತ್ತಿದೆ, ಗಟ್ಟಿಯಾದ ಭಿತ್ತಿ ಆ ಒತ್ತಡವನ್ನು ತಡೆಯುವುದರಿಂದ ಕೋಶ ಒಡೆಯುವುದಿಲ್ಲ. ಎರಡನೆಯದರಲ್ಲಿ ನೀರು ಹೊರಹೋಗಿ ಕೋಶಪೊರೆ ಭಿತ್ತಿಯಿಂದ ಬಿಡಿಸಿಕೊಂಡು ಒಳಕ್ಕೆ ಸರಿದಿದೆ; ಇದಕ್ಕೆ ಪ್ಲಾಸ್ಮೋಲೈಸಿಸ್ ಎಂದು ಹೆಸರು. ನಮ್ಮ ಕೆಂಪು ರಕ್ತಕಣಗಳಿಗೆ ಇಂತಹ ಭಿತ್ತಿಯ ಆಸರೆ ಇಲ್ಲ, ಬರಿಯ ನೀರಿನಲ್ಲಿ ಅವು ಉಬ್ಬಿ ಒಡೆಯುತ್ತವೆ. ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಶೇ. 0.9, ಇರುವುದು ಇದೇ ಕಾರಣಕ್ಕೆ.

ಈಗ ಗ್ರಾಫ್ ಹಾಳೆಯಲ್ಲಿ ಉಪ್ಪಿನ ಪ್ರಮಾಣವನ್ನು ಅಡ್ಡಕ್ಕೂ ತೂಕದ ಶೇಕಡಾ ಬದಲಾವಣೆಯನ್ನು ಉದ್ದಕ್ಕೂ ಗುರುತಿಸಿ ಗೆರೆ ಎಳೆಯಿರಿ. ಗೆರೆ ಸೊನ್ನೆಯನ್ನು ದಾಟುವ ಪ್ರಮಾಣವೇ ಆ ಗೆಡ್ಡೆಗೆ ಐಸೋಟಾನಿಕ್ ದ್ರಾವಣ. ಅದು ಸಾಮಾನ್ಯವಾಗಿ ಶೇ. 1ರ ಆಸುಪಾಸಿನಲ್ಲಿರುತ್ತದೆ. ಅನುಮಾನವಿದ್ದರೆ 0.8 ಮತ್ತು 1.2 ಗ್ರಾಂನ ಇನ್ನೆರಡು ಲೋಟಗಳನ್ನು ಸೇರಿಸಿಕೊಳ್ಳಬಹುದು.

ಪೊರೆಯ ಪಾತ್ರವನ್ನು ಪ್ರತ್ಯೇಕವಾಗಿ ನೋಡಬೇಕೆಂದರೆ ಬೇಯಿಸಿದ ತುಂಡೊಂದನ್ನು 5 ಗ್ರಾಂ ಉಪ್ಪಿನ ನೀರಿನಲ್ಲಿ ಇಡಿರಿ. ಬೆಂದಾಗ ಪೊರೆ ಹಾಳಾಗಿ ಉಪ್ಪು ಒಳಕ್ಕೆ ನುಗ್ಗುವುದರಿಂದ ಹಸಿ ತುಂಡಿನಲ್ಲಿ ಕಂಡ ಅಭಿಸರಣ ಅಲ್ಲಿ ನಡೆಯದು. ಇದಕ್ಕಿಂತಲೂ ಕುತೂಹಲದ ಹೋಲಿಕೆ ಹೊಸ ಗೆಡ್ಡೆ ಮತ್ತು ಶೈತ್ಯಾಗಾರದ ಗೆಡ್ಡೆಯದು. ಬಹುಕಾಲ ತಣ್ಣಗಿಟ್ಟ ಆಲೂಗೆಡ್ಡೆಯಲ್ಲಿ ಪಿಷ್ಟದ ಒಂದಿಷ್ಟು ಭಾಗ ಸಕ್ಕರೆಯಾಗುತ್ತದೆ. ಪಿಷ್ಟ ಕರಗದ ವಸ್ತು, ಸಕ್ಕರೆ ಕರಗುವಂಥದ್ದು; ಅದರಿಂದ ಕೋಶರಸ ಗಾಢವಾಗುತ್ತದೆ. ಹಾಗಾಗಿ ಎರಡೂ ಗೆಡ್ಡೆಗಳ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದರೆ, ಶೈತ್ಯಾಗಾರದ ಗೆಡ್ಡೆಯ ಗೆರೆ ಸೊನ್ನೆಯನ್ನು ಇನ್ನಷ್ಟು ಬಲಕ್ಕೆ ದಾಟಬೇಕು.