ಹಳೇ ಪೆಟ್ಟಿಗೆ, ಅಜ್ಜಾರ ಗೌರವಧನ: ಶಾಲೆಯ ಹಾಡಿಗೆ ದುಡ್ಡು ಕೂಡಿಸಿದ್ದು

ನಮ್ಮದು ಧಾರವಾಡ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು ನೂರರೊಳಗೆ. ಸಂಗೀತ ಶಿಕ್ಷಕರಿಲ್ಲ. ಆದರೆ ಹಾಡಿಲ್ಲದ ದಿನವೂ ಇಲ್ಲ. ಬೆಳಿಗ್ಗೆ ಪ್ರಾರ್ಥನೆ, ನಾಡಗೀತೆ. ಆಗಸ್ಟ್ ಬಂದರೆ ದೇಶಭಕ್ತಿ ಗೀತೆ. ಆಮೇಲೆ ಪ್ರತಿಭಾ ಕಾರಂಜಿ.

ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ ಬರುತ್ತದಲ್ವಾ ಅಂತ ಕೇಳುತ್ತಾರೆ. ಬರುತ್ತದೆ. ನಮ್ಮಷ್ಟು ಮಕ್ಕಳಿರುವ ಶಾಲೆಗೆ ಮಾರ್ಗಸೂಚಿಯಲ್ಲಿ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೇ ಹೋಗಬೇಕು. ಕರೆಂಟ್ ಬಿಲ್, ನಲ್ಲಿ ರಿಪೇರಿ, ಸುಣ್ಣಬಣ್ಣ ಮುಗಿಯುವಷ್ಟರಲ್ಲಿ ಖಾತೆ ಖಾಲಿ. ಹೊರಗೆ ಕೇಳದೆ ದಾರಿಯಿರಲಿಲ್ಲ.

ಮೊದಲು ಕೇಳಿದ ಸಂಸ್ಥೆಯವರು ಕೀಬೋರ್ಡ್ ಕೊಡಿಸುತ್ತೇವೆ ಎಂದರು. ಕಲಿಸುವವರಿಗೆ ಗೌರವಧನ ಮಾತ್ರ ಕೊಡಲ್ಲವಂತೆ. ವಸ್ತುವಾದರೆ ದಾನಿಗಳ ಹೆಸರು ಬರೆಸಬಹುದು, ಮೇಷ್ಟ್ರ ಬೆನ್ನ ಮೇಲೆ ಬರೆಸೋಕಾಗುತ್ತಾ? ಬೇಡ ಎಂದೆ. ನುಡಿಸುವವರಿಲ್ಲದ ಕೀಬೋರ್ಡ್ ಸುಮ್ನೆ ಬೀರು ಸೇರುತ್ತದೆ.

ಪಕ್ಕದ ಹಳ್ಳಿಯ ಭಜನಾ ಮೇಳದಲ್ಲಿ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನುಡಿಸುವ ಅಜ್ಜಾರೊಬ್ಬರಿದ್ದಾರೆ. ಅವರನ್ನು ಕರೆಸಿ ಶಾಲೆಯ ಹಳೇ ಹಾರ್ಮೋನಿಯಂ ತೋರಿಸಿದೆ. ಮುಚ್ಚಳ ಬಿಚ್ಚಿ ಗಾಳಿ ಊದುವ ತಿದಿ, ಸ್ವರ ಹೊರಡಿಸುವ ರೀಡುಗಳ ಮೇಲೆ ಬೆರಳಾಡಿಸಿದರು. "ತಿದಿ ಇಲಿ ಕಡದೈತ್ರಿ ಸರ. ರೀಡು ಚಲೋ ಅದಾವು. ಹೊಸಾದು ಯಾಕ?"

ಅರ್ಜಿ ಬರೆದದ್ದು ಆಮೇಲೆಯೇ. ಒಂದೇ ಪುಟ. ಊರಿನ ಸಹಕಾರ ಸಂಘಕ್ಕೊಂದು, ಹಳೇ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗ್ರೂಪಿಗೊಂದು. "ಸಂಗೀತ ಚಟುವಟಿಕೆಗೆ ನೆರವಾಗಿ" ಅಂತಷ್ಟೇ ಬರೆದರೆ ಯಾರೂ ಕೈ ಬಿಚ್ಚುವುದಿಲ್ಲ. ಪೆಟ್ಟಿಗೆಗೆ ಹೊಸ ತಿದಿ, ಒಂದು ಢೋಲಕಿ, ನಾಲ್ಕು ಜೊತೆ ತಾಳ, ಶನಿವಾರಕ್ಕೆ 250 ರೂಪಾಯಿ ಗೌರವಧನ, ಬಸ್ ಚಾರ್ಜು ಅಂತ ಬಿಡಿಸಿ ಬರೆದೆ. ಢೋಲಕಿಯ ತೊಗಲು ಬದಲಿಸಲೂ ಒಂದಿಷ್ಟು ಹಾಕಿದ್ದೆ. ಮಳೆಗಾಲದ ಥಂಡಿಗೆ ತೊಗಲು ಸಡಿಲಾಗುತ್ತದೆ, ಮಕ್ಕಳ ಪೆಟ್ಟು ಬೇರೆ. ಒಬ್ಬ ಹಳೇ ವಿದ್ಯಾರ್ಥಿ "ತಾಳ ನನ್ನ ಕಡೆಯಿಂದ" ಅಂದ. ಇನ್ನೊಬ್ಬಳು ಎರಡು ತಿಂಗಳ ಶನಿವಾರ ಹೊತ್ತುಕೊಂಡಳು. ಸಂಘದವರು ಉಳಿದದ್ದನ್ನು ಕೊಟ್ಟರು.

ದುಡ್ಡು ಕೈಯಲ್ಲಿ ಮುಟ್ಟಲಿಲ್ಲ. ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು, ಆಮೇಲೆ ಜಂಟಿ ಖಾತೆಗೆ ಚೆಕ್. ಢೋಲಕಿ ದಾಸ್ತಾನು ಪುಸ್ತಕಕ್ಕೆ ಹತ್ತಿತು. ಅಜ್ಜಾರು ಪ್ರತಿ ಸಲ ಓಚರಿಗೆ ಸಹಿ ಹಾಕುವಾಗ ಗೊಣಗುತ್ತಾರೆ. ಹಾಕಿಸದೆ ಬಿಡುವುದಿಲ್ಲ.

ಮೊದಲ ಶನಿವಾರ ಅಜ್ಜಾರು ಪಾಠ ಮಾಡಲಿಲ್ಲ. ಪ್ರಾರ್ಥನೆ ಕೇಳಿ, "ನಿಮ್ಮ ದನಿಗೆ ಹುಡುಗರನ್ನ ಹಾಡಸ್ತೀರಿ" ಅಂದರು. ನಾನು ಎತ್ತಿಕೊಡುತ್ತಿದ್ದದ್ದು ಕಪ್ಪು ಒಂದರಲ್ಲಿ, ಅಂದರೆ ಪೆಟ್ಟಿಗೆಯ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ. ಕೆಳಗಿನ ಸ್ವರ ಮಕ್ಕಳಿಗೆ ಸಿಗುತ್ತಲೇ ಇರಲಿಲ್ಲ, ಗೊಣಗಿದ ಹಾಗೆ ಕೇಳುತ್ತಿತ್ತು. ಅವರು ಎತ್ತರದ ಶ್ರುತಿ, ಕಪ್ಪು ನಾಲ್ಕು ಹಿಡಿದರು. ಹಿಂದಿನ ಸಾಲಿನ ಹುಡುಗಿಯರ ದನಿ ಅವತ್ತು ಅಂಗಳದಾಚೆಗೂ ಕೇಳಿತು.

ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರದ ಆದೇಶ ಬಂತಲ್ಲ, ನಮ್ಮ ಮಕ್ಕಳು ಎಳೆದೆಳೆದು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದ್ದರು. ಢೋಲಕಿ ಬಂದ ಮೇಲೆ ಲಯ ಹಿಡಿತಕ್ಕೆ ಸಿಕ್ಕಿತು.

ಈ ವರ್ಷದ ಅರ್ಜಿಯಲ್ಲಿ ಇನ್ನೊಂದು ಬಾಬು ಸೇರಿಸಿದ್ದೇನೆ. ಏಳನೇ ತರಗತಿಯ ಇಬ್ಬರಿಗೆ ಪೆಟ್ಟಿಗೆ ಕಲಿಸಲು ಬುಧವಾರ ಸಂಜೆಯ ಗೌರವಧನ. ಅದಕ್ಕೆ ದುಡ್ಡು ಬೇಡ ಅನ್ನುತ್ತಿದ್ದಾರೆ ಅಜ್ಜಾರು. ಠರಾವು ಆಗಿಹೋಗಿದೆ, ಓಚರಿಗೆ ಸಹಿ ಹಾಕಲೇಬೇಕು.